ಹಬ್ಬ ಸಾಕು, ಬೆಲೆ ಕೊಡಿ

ಸಂಕ್ರಾಂತಿ ಹತ್ತಿರವಾಯಿತೆಂದರೆ ಬೆಂಗಳೂರಿನಲ್ಲಿ ಹಳ್ಳಿಗಳು ಹುಟ್ಟಿಕೊಳ್ಳುತ್ತವೆ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ, ಖಾಸಗಿ ಶಾಲೆಯ ಮೈದಾನದಲ್ಲಿ, ಸಾಫ್ಟ್‌ವೇರ್ ಕಂಪನಿಯ ಹುಲ್ಲುಹಾಸಿನ ಮೇಲೆ ಬೆಳಗಾಗುವುದರೊಳಗೆ ತೆಂಗಿನ ಗರಿಯ ಗುಡಿಸಲು ಏಳುತ್ತದೆ. ಬಾಡಿಗೆಗೆ ಬಂದ ಎತ್ತಿನ ಗಾಡಿ ಗೇಟಿನ ಬಳಿ ನಿಲ್ಲುತ್ತದೆ. ಒಂದು ಮೂಲೆಯಲ್ಲಿ ಕುಂಬಾರರ ತಿಗರಿ, ಇನ್ನೊಂದರಲ್ಲಿ ಮೇದರ ಬುಟ್ಟಿ, ನಡುವೆ ಒರಳು, ಒನಕೆ, ಬೀಸುಕಲ್ಲು. ಗಂಡುಮಕ್ಕಳಿಗೆ ಪಂಚೆ, ಹೆಗಲಿಗೊಂದು ಟವೆಲ್ಲು. ಹೆಣ್ಣುಮಕ್ಕಳಿಗೆ ಇಳಕಲ್ ಸೀರೆ, ಸೊಂಟದ ಮೇಲೊಂದು ಖಾಲಿ ಕೊಡ. ಮಧ್ಯಾಹ್ನ ಬಾಳೆಲೆಗೆ ಮುದ್ದೆ, ಬಸ್ಸಾರು. ಸಂಜೆ ವೇದಿಕೆಯ ಮೇಲಿಂದ ಭಾಷಣ: ನಮ್ಮ ಹಿರಿಯರು ಪ್ರಕೃತಿಯೊಡನೆ ಹೊಂದಿಕೊಂಡು ಬದುಕಿದರು, ವಿಷವಿಲ್ಲದ್ದನ್ನು ಉಂಡರು, ಕೈಯಾರೆ ಮಾಡಿದ್ದನ್ನೇ ಬಳಸಿದರು. ರಾತ್ರಿ ಟೆಂಪೊ ಬಂದು ಇಡೀ ಹಳ್ಳಿಯನ್ನು ತುಂಬಿಕೊಂಡು ಹೋಗುತ್ತದೆ. ಗ್ರಾಮೀಣ ದಿನ, ಸುಗ್ಗಿ ಹಬ್ಬ, ಹಳ್ಳಿ ಸೊಗಡು, ಜನಪದ ಜಾತ್ರೆ ಎಂದು ಹೆಸರು ಬೇರೆಬೇರೆ, ಸರಕು ಒಂದೇ. ಇದನ್ನು ತಪ್ಪೆನ್ನುವವರು ಯಾರೂ ಇಲ್ಲ. ಎಡದವರಿಗೆ ಇದರಲ್ಲಿ ರೈತ ಕಾಣುತ್ತಾನೆ, ಬಲದವರಿಗೆ ಸಂಸ್ಕೃತಿ ಕಾಣುತ್ತದೆ, ಪರಿಸರವಾದಿಗೆ ಪ್ಲಾಸ್ಟಿಕ್ಕಿಲ್ಲದ ಬದುಕು ಕಾಣುತ್ತದೆ. ಎಲ್ಲರೂ ಒಟ್ಟಿಗೆ ತಲೆದೂಗುವ ಸಂಗತಿಯಲ್ಲಿ ಯಾರಿಗೋ ಮೋಸ ಆಗುತ್ತಿರುವ ಸಾಧ್ಯತೆ ಹೆಚ್ಚು. ಇಲ್ಲಿ ಆ ಮೋಸ ಆಗುತ್ತಿರುವುದು ಹಳ್ಳಿಗೇ. ಈ ದಿನಾಚರಣೆ ನಿರುಪದ್ರವಿ ಮನರಂಜನೆಯಲ್ಲ. ಹಳ್ಳಿಗೆ ಹಣದಲ್ಲಿ, ನೆಲದಲ್ಲಿ, ನ್ಯಾಯದಲ್ಲಿ ಸಲ್ಲಬೇಕಾದ ಬಾಕಿಯನ್ನು ಹೊಗಳಿಕೆಯಲ್ಲಿ ಚುಕ್ತಾ ಮಾಡಿಬಿಡುವ ಉಪಾಯ.

ಮೊದಲು ಬಾಕಿಯ ಲೆಕ್ಕವನ್ನೇ ನೋಡೋಣ. ವೇದಿಕೆಯ ಬ್ಯಾನರಿನ ಮೇಲೆ ತೆನೆ ಹಿಡಿದು ನಗುವ ರೈತನಿದ್ದಾನೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 77ನೇ ಸುತ್ತಿನ ಪ್ರಕಾರ 2018-19ರಲ್ಲಿ ದೇಶದ ಒಂದು ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ತಿಂಗಳಿಡೀ ಇಡೀ ಕುಟುಂಬ ದುಡಿದು ತಂದದ್ದು ಇಷ್ಟು. ಅದರಲ್ಲಿ ಬೆಳೆಯಿಂದ ಬಂದದ್ದು 3,798 ರೂಪಾಯಿ. ಕೂಲಿ, ಸಂಬಳದಿಂದ ಬಂದದ್ದು 4,063. ಅಂದರೆ ನಾವು ಅನ್ನದಾತ ಎಂದು ಕೈಮುಗಿಯುವ ಕುಟುಂಬ ತನ್ನ ಹೊಲದ ಬೆಳೆಯಿಂದ ಗಳಿಸುವುದಕ್ಕಿಂತ ಹೆಚ್ಚನ್ನು ಬೇರೆ ಕಡೆ ಮೈ ಮುರಿದು ಗಳಿಸುತ್ತಿದೆ. ಅದೇ ಸಮೀಕ್ಷೆಯಂತೆ ಅರ್ಧಕ್ಕಿಂತ ಹೆಚ್ಚು ಕೃಷಿ ಕುಟುಂಬಗಳು ಸಾಲದಲ್ಲಿದ್ದವು; ಸರಾಸರಿ ಸಾಲ 74,121 ರೂಪಾಯಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ 2022ರಲ್ಲಿ ಕೃಷಿ ಕ್ಷೇತ್ರದ 11,290 ಆತ್ಮಹತ್ಯೆಗಳನ್ನು ದಾಖಲಿಸಿತು. ಅದರಲ್ಲಿ ಕರ್ನಾಟಕದ್ದೇ 2,392, ಮಹಾರಾಷ್ಟ್ರದ ನಂತರ ಎರಡನೆಯ ಸ್ಥಾನ. ಈ ಲೆಕ್ಕ ಯಾವ ಸುಗ್ಗಿ ಹಬ್ಬದ ಬ್ಯಾನರಿನಲ್ಲಿದೆ? ರಾಶಿಪೂಜೆಗೆ ಧಾನ್ಯ ತರಿಸಿದವರು ಆ ಧಾನ್ಯಕ್ಕೆ ಬೆಳೆದವನಿಗೆ ಎಷ್ಟು ಸಿಕ್ಕಿತು ಎಂದು ಒಂದು ಚೀಟಿ ಅಂಟಿಸಿದ್ದಾರೆಯೇ? ಇಲ್ಲ, ಏಕೆಂದರೆ ಆ ಚೀಟಿ ಓದಿದವರಿಗೆ ಮುದ್ದೆ ಸಲೀಸಾಗಿ ಗಂಟಲಿಗಿಳಿಯುವುದಿಲ್ಲ.

ಎರಡನೆಯ ಆರೋಪ ಆ ಭಾಷಣದ ಮೇಲೆ. ಹಳ್ಳಿಯವರು ಕಡಿಮೆ ಬಳಸಿದರು, ಏನನ್ನೂ ವ್ಯರ್ಥ ಮಾಡಲಿಲ್ಲ, ಅದೇ ಸುಸ್ಥಿರ ಬದುಕು ಎನ್ನುತ್ತದೆ ಭಾಷಣ. ಕಡಿಮೆ ಬಳಸಿದ್ದು ನಿಜ, ಆದರೆ ಏಕೆ? ಇರಲಿಲ್ಲ, ಅದಕ್ಕೆ. ಹರಿದ ಸೀರೆ ಕೌದಿಯಾದದ್ದು ಮರುಬಳಕೆಯ ತತ್ತ್ವದಿಂದಲ್ಲ, ಕಂಬಳಿ ಕೊಳ್ಳಲು ಕಾಸಿಲ್ಲದ್ದರಿಂದ. ಇಲ್ಲದಿರುವಿಕೆಯನ್ನು ವಿವೇಕ ಎಂದು ಕರೆಯುವ ಹಕ್ಕು ಉಳ್ಳವರಿಗೆ ಎಲ್ಲಿಂದ ಬಂತು? ಈ ತತ್ತ್ವಜ್ಞಾನದ ಭಾರ ಬಿದ್ದದ್ದು ಯಾರ ರಟ್ಟೆಯ ಮೇಲೆ ಎಂಬುದನ್ನಂತೂ ಭಾಷಣಕಾರರು ಮುಟ್ಟುವುದೇ ಇಲ್ಲ. ಹಬ್ಬದಲ್ಲಿ ಬೀಸುಕಲ್ಲಿನ ಮುಂದೆ ಕೂತು ಎರಡು ಸುತ್ತು ತಿರುಗಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಕಲ್ಲನ್ನು ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸಿದ ಹೆಂಗಸರಿಗೆ ಊರಿಗೆ ಹಿಟ್ಟಿನ ಗಿರಣಿ ಬಂದದ್ದು ಪರಂಪರೆಯ ನಾಶವಾಗಿ ಕಂಡಿರಲಾರದು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಹೇಳುವಂತೆ, ಮನೆಗೆಲಸ ಮಾಡುವ ಹೆಣ್ಣು ಸಂಬಳವಿಲ್ಲದೆ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾಳೆ, ಗಂಡು 97. ಗಿರಣಿ, ಗ್ಯಾಸು, ನಲ್ಲಿಗಳು ಬಂದ ಮೇಲಿನ ಲೆಕ್ಕ ಇದು. ಬೀಸುಕಲ್ಲಿನ ಕಾಲದ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಹಳ್ಳಿಯ ಬಗ್ಗೆ ನಿಜವಾದ ಗೌರವ ಹೇಗಿರುತ್ತದೆ ಎಂಬುದಕ್ಕೆ ಇದೇ ಬೆಂಗಳೂರಿನಲ್ಲಿ ಉದಾಹರಣೆಯಿದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಅದರ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಉಂಗ್ರ ಮತ್ತು ಸುತ್ತಲ ಹಳ್ಳಿಗಳಿಗೆ ಹೋಗಿ, ಅಲ್ಲಿ ಉರಿಯುವುದು ಏನು, ಅದನ್ನು ಹೊತ್ತು ತರುವವರು ಯಾರು ಎಂದು ಮನೆಮನೆಯಲ್ಲಿ ಲೆಕ್ಕ ಹಾಕಿದರು. ಹಳ್ಳಿಯ ಇಂಧನದ ಬಹುಪಾಲು ಸೌದೆ, ಅದು ಹೆಚ್ಚಾಗಿ ಸುಡುವುದು ಅಡುಗೆಮನೆಯಲ್ಲಿ, ಅದರ ಹೊರೆ ಹೊರುವವರಲ್ಲಿ ಹೆಂಗಸರು, ಮಕ್ಕಳೇ ಮುಖ್ಯರು ಎಂಬುದು ಅಂಕಿಗಳಲ್ಲಿ ಕಂಡಿತು. ಅಂಥ ಕೆಲಸದಿಂದ ಹುಟ್ಟಿದ್ದು ಕಡಿಮೆ ಸೌದೆ ತಿನ್ನುವ, ಹೊಗೆಯನ್ನು ಕೊಳವೆಯಿಂದ ಹೊರಹಾಕುವ ಅಸ್ತ್ರ ಒಲೆ. ಅವರು ಸೌದೆ ಒಲೆಯ ರುಚಿಯನ್ನು ಕೊಂಡಾಡಲಿಲ್ಲ. ಅದರ ಮುಂದೆ ಕೂತವಳ ಕಣ್ಣನ್ನು ನೋಡಿದರು. ನಮ್ಮ ಹಬ್ಬಗಳು ಇದಕ್ಕೆ ತದ್ವಿರುದ್ಧ. ಅವಕ್ಕೆ ಒಲೆ ಬೇಕು, ರುಚಿ ಬೇಕು, ಕಣ್ಣು ಬೇಡ.

ಮೂರನೆಯದು ಎಲ್ಲಕ್ಕಿಂತ ಭಾರವಾದ ಆರೋಪ. ‘ಸಾಂಪ್ರದಾಯಿಕ ಕರಕುಶಲ ಕಲೆ’ ಎಂದು ಬೋರ್ಡು ಬರೆದು ಸಾಲಾಗಿ ಕೂರಿಸಿದವರನ್ನು ಒಮ್ಮೆ ನೋಡಿ. ಮಡಕೆಗೆ ಕುಂಬಾರರು, ಬುಟ್ಟಿಗೆ ಮೇದರು, ಚಪ್ಪಲಿಗೆ ಸಮಗಾರರು, ಕಂಬಳಿಗೆ ಕುರುಬರು, ತಮಟೆಗೆ ದಲಿತರು. ಇದು ಕಲೆಗಳ ಪಟ್ಟಿ ಎಂದು ಅಂದುಕೊಂಡಿದ್ದೀರಾ? ಇದು ಜಾತಿಗಳ ಪಟ್ಟಿ. ಯಾರೂ ಇಲ್ಲಿ ಕಸುಬನ್ನು ಆರಿಸಿಕೊಂಡದ್ದಲ್ಲ. ಹುಟ್ಟು ಅದನ್ನು ತಲೆಗೆ ಕಟ್ಟಿತು. ಹೀಗೆ ಊರಿನ ಕಸುಬಿಗೆ ಕಟ್ಟುಬಿದ್ದ ಆಯಗಾರರಿಗೆ ಊರು ಕೊಡುತ್ತಿದ್ದದ್ದು ಹೆಚ್ಚಾಗಿ ಕಣದಲ್ಲಿ ಕಾಳಿನ ಒಂದು ಪಾಲು. ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಚೋಮನ ಬಳಿ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ, ಉಳುವ ಆಸೆಯಿದೆ. ಹುಟ್ಟಿದ ಜಾತಿಯ ಕಾರಣಕ್ಕೆ ಉಳುವ ನೆಲವೊಂದಿಲ್ಲ. ಅವನಿಗೆ ಬೇಕಿದ್ದದ್ದು ಹೊಲ, ಲೋಕ ಅವನಿಗೆ ಬಿಟ್ಟುಕೊಟ್ಟದ್ದು ದುಡಿ. ತೊಂಬತ್ತು ವರ್ಷ ಕಳೆದ ಮೇಲೂ ನಾವು ಅದನ್ನೇ ಮಾಡುತ್ತಿದ್ದೇವೆ: ದುಡಿಯವನನ್ನು ವೇದಿಕೆಗೆ ಕರೆದು ಚಪ್ಪಾಳೆ ತಟ್ಟುತ್ತೇವೆ, ಹೊಲದ ಮಾತನ್ನು ಎತ್ತುವುದಿಲ್ಲ. ತಮಟೆ ಬಾರಿಸುವುದು ಅವಮಾನ, ಅದನ್ನು ಬಿಡುತ್ತೇವೆ ಎಂದು ತೀರ್ಮಾನಿಸಿದ ಕೇರಿಗಳು ಈ ರಾಜ್ಯದಲ್ಲಿವೆ. ಬಿಟ್ಟದ್ದಕ್ಕೆ ಊರಿನ ಸಿಟ್ಟನ್ನು ಉಂಡವರೂ ಇದ್ದಾರೆ. ಅವರ ಕೈಗೆ ‘ನಮ್ಮ ಹೆಮ್ಮೆ’ ಎಂದು ಮತ್ತೆ ತಮಟೆ ಕೊಡಿಸುವವರು ಕಲೆಯನ್ನು ಉಳಿಸುತ್ತಿದ್ದಾರೋ, ಕಟ್ಟಳೆಯನ್ನೋ?

ಹಬ್ಬದ ಹಳ್ಳಿಯಲ್ಲಿ ಎಂದೂ ಎರಡು ಕೇರಿ ಇರುವುದಿಲ್ಲ ಎಂಬುದನ್ನು ಗಮನಿಸಿ. ಒಂದೇ ಗುಡಿಸಲು, ಒಂದೇ ಕಟ್ಟೆ, ಒಂದೇ ಬಾವಿ. ಇದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿಲ್ಲ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ಕ್ಷೌರದಂಗಡಿಗೂ ಹೋಟೆಲಿಗೂ ದಲಿತರನ್ನು ಸೇರಿಸದಿರುವ ಜಗಳ ಬೆಳೆದು 2014ರಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿಗಳ ಗತಿ ಏನೇ ಆಗಲಿ, ಒಂದು ಊರಿನಿಂದ ಅಷ್ಟು ಜನ ಕಟಕಟೆಯಲ್ಲಿ ನಿಂತದ್ದು ಯಾವ ಸೊಗಡು? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯನ್ನು ಅಜ್ಞಾನದ, ಸಂಕುಚಿತತೆಯ, ಜಾತಿಮತದ ಗೂಡು ಎಂದು ಕರೆದು, ಸಂವಿಧಾನದ ಘಟಕ ಹಳ್ಳಿಯಲ್ಲ, ವ್ಯಕ್ತಿ ಎಂದದ್ದು ಹಳ್ಳಿಯ ಮೇಲಿನ ದ್ವೇಷದಿಂದಲ್ಲ. ಹಳ್ಳಿಯನ್ನು ಅದರ ಹೊರಕೇರಿಯ ಕಡೆಯಿಂದ ಕಂಡವರ ಮಾತು ಅದು. ಹಬ್ಬ ಮಾಡುವವರು ನೋಡುತ್ತಿರುವುದು ಊರ ಗೌಡರ ಜಗಲಿಯಿಂದ. ಅಲ್ಲಿಂದ ಎಲ್ಲವೂ ಚಂದವೇ.

ಇನ್ನು, ಯಾವುದನ್ನು ಪರಂಪರೆ ಎಂದು ತಟ್ಟೆಗೆ ಬಡಿಸುತ್ತಾರೋ ಅದರ ಚರಿತ್ರೆಯಾದರೂ ಇವರಿಗೆ ಗೊತ್ತೇ? ಕರ್ನಾಟಕದ ರಾಗಿಯ ಇಳುವರಿಯನ್ನು ಮೇಲೆತ್ತಿದ್ದು ಇಂಡಾಫ್ ತಳಿಗಳು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ವರ್ಷಗಟ್ಟಲೆ ಶ್ರಮಪಟ್ಟು ಹುಟ್ಟಿಸಿದ ತಳಿಗಳವು. ರೈತರು ಅವನ್ನು ‘ನಮ್ಮ ಅಜ್ಜ ಬಿತ್ತಿದ್ದಲ್ಲ’ ಎಂದು ದೂರವಿಡಲಿಲ್ಲ; ಕಣದ ರಾಶಿ ನೋಡಿ ಒಪ್ಪಿಕೊಂಡರು. ಹಳ್ಳಿ ಯಾವತ್ತೂ ಬದಲಾಗುತ್ತಲೇ ಬಂದಿದೆ. ಅದಕ್ಕೆ ಬೇಕಿರುವುದು ಹೊಸ ತಳಿ, ನಂಬುವಂಥ ವಿದ್ಯುತ್ತು, ಆಸ್ಪತ್ರೆ, ಬಸ್ಸು, ಇಂಟರ್‌ನೆಟ್ಟು. ನಿಂತಲ್ಲೇ ನಿಂತಿರು, ನಿನ್ನ ಚಂದ ಅಲ್ಲೇ ಇದೆ ಎಂದು ಹೇಳುತ್ತಿರುವುದು ನಗರ ಮಾತ್ರ. ತಮ್ಮ ಮಕ್ಕಳನ್ನು ಅಮೆರಿಕಕ್ಕೆ ಕಳಿಸುವ ಪೋಷಕರು ಕುಂಬಾರರ ಮಗ ತಿಗರಿ ಬಿಟ್ಟನಲ್ಲ ಎಂದು ಮರುಗುವುದಕ್ಕಿಂತ ದೊಡ್ಡ ಸೋಗು ಉಂಟೇ?

ಸರ್ಕಾರಕ್ಕೆ ಈ ಸೋಗು ಇನ್ನೂ ಸಲೀಸು. ದಿನ ಘೋಷಿಸುವುದಕ್ಕೆ ಖರ್ಚಿಲ್ಲ. 2015ರಿಂದ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 2020ರಲ್ಲಿ ಆ ದಿನಕ್ಕೆ ಇನ್ನು ಹತ್ತು ಹನ್ನೆರಡು ದಿನಗಳಿರುವಾಗ, ಜುಲೈ 27ರ ಆದೇಶದಲ್ಲಿ, ಕೇಂದ್ರ ಸರ್ಕಾರ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ರದ್ದು ಮಾಡಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಮುನ್ನಡೆಸಿದ್ದ ಕರಕುಶಲ ಮಂಡಳಿಯೂ ಅದರ ಬೆನ್ನಿಗೇ ಹೋಯಿತು. 2019-20ರ ನಾಲ್ಕನೆಯ ಕೈಮಗ್ಗ ಗಣತಿಯ ಪ್ರಕಾರ ನೇಕಾರ ಕುಟುಂಬಗಳಲ್ಲಿ ಸುಮಾರು ಮೂರನೇ ಎರಡರಷ್ಟರ ತಿಂಗಳ ಆದಾಯ ಐದು ಸಾವಿರ ರೂಪಾಯಿಯನ್ನೂ ದಾಟುತ್ತಿರಲಿಲ್ಲ. ಮಂಡಳಿ ಹೋಯಿತು, ದಿನ ಉಳಿಯಿತು. ಸಿರಿಧಾನ್ಯದ ಕತೆಯೂ ಅಷ್ಟೇ. ಭಾರತವೇ ಮುಂದೆ ನಿಂತು ವಿಶ್ವಸಂಸ್ಥೆಯಿಂದ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಘೋಷಿಸಿಕೊಂಡಿತು. ಮೇಳಗಳಾದವು, ಪಂಚತಾರಾ ಹೋಟೆಲುಗಳಲ್ಲಿ ನವಣೆ ಪಾಯಸವಾಯಿತು. ಆ ವರ್ಷವೂ ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿದ್ದದ್ದು ಜೋಳ, ಸಜ್ಜೆ, ರಾಗಿ ಮಾತ್ರ. ನವಣೆ, ಸಾಮೆ, ಹಾರಕ, ಊದಲು, ಬರಗುಗಳ ಹೆಸರಿರಲಿಲ್ಲ. ಹಬ್ಬಕ್ಕೆ ನವಣೆ ಬೇಕು, ಬೆಲೆಯ ಪಟ್ಟಿಗೆ ಬೇಡ. ಕೈಯಿಂದ ಮಾಡಿದ ವಸ್ತುಗಳ ಮೇಲೆ ಜಿಎಸ್‌ಟಿ ಹಾಕಬೇಡಿ ಎಂದು ಹೆಗ್ಗೋಡಿನ ರಂಗಕರ್ಮಿ ಪ್ರಸನ್ನ 2017ರಲ್ಲಿ ಬೆಂಗಳೂರಿನಲ್ಲಿ ಉಪವಾಸ ಕೂತಾಗ, ಪ್ರತಿವರ್ಷ ಖಾದಿ ಉಟ್ಟು ಗ್ರಾಮೀಣ ದಿನ ಆಚರಿಸುವ ಕಂಪನಿಗಳಲ್ಲಿ ಎಷ್ಟು ಅವರ ಬೇಡಿಕೆಗೆ ಸಹಿ ಹಾಕಿದವು?

ಕೊನೆಯ ಆರೋಪಕ್ಕೆ ನಗರದ ನೇರ ಹೊಣೆಯಿದೆ. ಹಳ್ಳಿಯನ್ನು ಹಾಡಿ ಹೊಗಳುತ್ತಿರುವ ಹೊತ್ತಿಗೇ ನಗರ ಅದರ ನೆಲವನ್ನು ನುಂಗುತ್ತಿದೆ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿದ ಮೇಲೆ, ಉಳದವರೂ ಹೊಲ ಕೊಳ್ಳಬಹುದು. ಈಗ ತೋಟದ ನಿವೇಶನಗಳ ಜಾಹೀರಾತು ಗ್ರಾಮೀಣ ದಿನದ ಭಾಷಣದ ಭಾಷೆಯನ್ನೇ ಆಡುತ್ತದೆ: ಮಣ್ಣಿನ ವಾಸನೆ, ಸಾವಯವ, ನೆಮ್ಮದಿ. ಹಬ್ಬ ಹಳ್ಳಿಯ ಮೇಲೆ ಆಸೆ ಹುಟ್ಟಿಸುತ್ತದೆ, ರಿಯಲ್ ಎಸ್ಟೇಟು ಆ ಆಸೆಯನ್ನು ಮಾರುತ್ತದೆ, ಮಾರಿದ ರೈತ ಅದೇ ತೋಟಕ್ಕೆ ಕಾವಲುಗಾರನಾಗುತ್ತಾನೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ತಮ್ಮ 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂರಬೇಕಾಯಿತು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟದ್ದು ಆಮೇಲೆ. ಒಂದಷ್ಟು ಹೋರಾಟಗಾರರು, ಕಲಾವಿದರು ಅವರ ಜೊತೆ ನಿಂತರು. ಆದರೆ ಬೆಂಗಳೂರಿನ ಇನ್ನೊಂದು ತುದಿಯಲ್ಲಿ ಪ್ಲೈವುಡ್ಡಿನ ಹಳ್ಳಿ ಕಟ್ಟಿದ ಸಾವಿರಾರು ಮಂದಿಗೆ ನಿಜವಾದ ಹಳ್ಳಿಯ ಧರಣಿ ಪತ್ರಿಕೆಯ ಒಳಪುಟದ ಸುದ್ದಿ. ಸುಸ್ಥಿರತೆಯ ಪ್ರಮಾಣವಚನ ಬೋಧಿಸುವ ಇದೇ ನಗರ ತನ್ನ ಕಸವನ್ನು ಮಾವಳ್ಳಿಪುರಕ್ಕೂ ಮಂಡೂರಿಗೂ ಸುರಿದು ಅಲ್ಲಿನ ನೀರು ಗಾಳಿ ಕೆಡಿಸಿತು. 2014ರಲ್ಲಿ ಮಂಡೂರಿನ ಜನ ರಸ್ತೆಗಿಳಿದು ಕಸದ ಲಾರಿ ತಡೆದಾಗಲೇ ಅದಕ್ಕೆ ಹಳ್ಳಿ ನೆನಪಾದದ್ದು. ಒಂದು ಕೈಯಲ್ಲಿ ಆರತಿ, ಇನ್ನೊಂದು ಕೈಯಲ್ಲಿ ಕಸದ ಬುಟ್ಟಿ. ಇದೇನು ಭಕ್ತಿ?

ಇಷ್ಟು ಹೇಳಿದರೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ಮಕ್ಕಳಿಗೆ ಅನ್ನ ಎಲ್ಲಿಂದ ಬರುತ್ತದೆಂದು ಗೊತ್ತಾಗಲಿ ಬಿಡಿ ಎಂಬುದು ಮೊದಲನೆಯದು. ಗೊತ್ತಾಗಲೇಬೇಕು. ಆದರೆ ಈ ದಿನ ಕಲಿಸುವುದು ಏನನ್ನು? ರೈತ ಎಂದರೆ ಒಂದು ವೇಷ, ಸ್ಪರ್ಧೆಯಲ್ಲಿ ಬಹುಮಾನ ಬರುವಂಥದ್ದು ಎಂಬುದನ್ನು. ಒಂದು ಕ್ವಿಂಟಲ್ ರಾಗಿ ಬೆಳೆಯಲು ತಗಲುವ ಖರ್ಚು, ಮಾರುಕಟ್ಟೆಯಲ್ಲಿ ಸಿಗುವ ಬೆಲೆ, ನಡುವಿನ ದಲ್ಲಾಳಿಯ ಪಾಲು, ಇವನ್ನು ಗಣಿತದ ತರಗತಿಯಲ್ಲಿ ಲೆಕ್ಕ ಮಾಡಿಸಿ. ಮಗು ಒಂದು ಗಂಟೆಯಲ್ಲಿ ಹಳ್ಳಿಯನ್ನು ಅರಿಯುತ್ತದೆ. ಎರಡನೆಯದು, ಕುಶಲಕರ್ಮಿಗಳಿಗೆ ನಾಲ್ಕು ಕಾಸು ವ್ಯಾಪಾರವಾಗುತ್ತದಲ್ಲ ಎಂಬುದು. ಒಂದು ದಿನದ ವ್ಯಾಪಾರದಿಂದ ಉಳಿದ 364 ದಿನ ಉಣ್ಣುವ ವಿದ್ಯೆಯನ್ನು ಯಾವ ಕುಂಬಾರರೂ ಇನ್ನೂ ಕಲಿತಿಲ್ಲ. ವ್ಯಾಪಾರವೇ ಗುರಿಯಾದರೆ ಅದಕ್ಕೆ ಮಾದರಿ ಬೇರೆ ಇದೆ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ನೋಡಿ: ಕಾಯಿ ರಾಶಿ ಹಾಕಿ ಕೂತವರು ಮಾರುವುದಕ್ಕೆ ಬಂದವರು, ಎದುರಿಗೆ ನಿಂತವರು ಕೊಳ್ಳುವುದಕ್ಕೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ರೈತರು ಬರುವುದು ಹೊಸ ತಳಿ, ಹೊಸ ಯಂತ್ರ ನೋಡುವುದಕ್ಕೆ. ಎರಡೂ ಕಡೆ ಯಾರೂ ರೈತನ ವೇಷ ಹಾಕುವುದಿಲ್ಲ, ಏಕೆಂದರೆ ರೈತರೇ ಅಲ್ಲಿದ್ದಾರೆ. ಅವರು ಅಲ್ಲಿ ಪ್ರದರ್ಶನದ ವಸ್ತುವಲ್ಲ, ವ್ಯವಹಾರದ ಒಂದು ಪಕ್ಷ. ನನ್ನ ತಕರಾರು ಜಾತ್ರೆಯ ಮೇಲಲ್ಲ, ಜಾತ್ರೆಯ ಅಣಕದ ಮೇಲೆ.

ಮೂರನೆಯ ಉತ್ತರ ಗಾಂಧಿಯ ಹೆಸರಿನಲ್ಲಿ ಬರುತ್ತದೆ: ಅವರೂ ಹಳ್ಳಿಯನ್ನೇ ಆದರ್ಶ ಎಂದರಲ್ಲವೇ? ಎಂದರು. ಆದರೆ ಗಾಂಧಿ ಹಳ್ಳಿಯನ್ನು ನಗರಕ್ಕೆ ತಂದು ಒಂದು ದಿನ ನಿಲ್ಲಿಸಲಿಲ್ಲ. 1936ರಲ್ಲಿ ವಾರ್ಧಾದ ಬಳಿಯ ಸೇಗಾಂವಿಗೆ ತಾವೇ ಹೋಗಿ ನೆಲೆಸಿದರು, ಅಲ್ಲಿನ ಹೊಲಸನ್ನು ಹೊಲಸು ಎಂದೇ ಕರೆದರು, ಬಾಚಲು ತಾವೇ ಇಳಿದರು. ಖಾದಿ ಅಗ್ಗವಾಗಿ ಸಿಗುತ್ತಿರುವುದು ನೂಲುವ ಹೆಂಗಸಿನ ಹೊಟ್ಟೆಯ ಮೇಲೆ ಹೊಡೆದು ಎಂಬುದನ್ನು ಕಂಡು, 1935ರಲ್ಲಿ ನೂಲುವವರಿಗೆ ಕನಿಷ್ಠ ಕೂಲಿ ಕೊಡಲೇಬೇಕು, ಬಟ್ಟೆ ದುಬಾರಿಯಾದರೆ ಆಗಲಿ ಎಂದು ಚರಕಾ ಸಂಘವನ್ನು ಒಪ್ಪಿಸಿದವರೂ ಅವರೇ. ಅವರಿಗೆ ಚರಕ ಎಂದರೆ ಕೂಲಿಯ ಪ್ರಶ್ನೆ. ನಮಗೆ ಅದು ಸೆಲ್ಫಿಯ ಹಿನ್ನೆಲೆ. ಗಾಂಧಿಯನ್ನೂ ಅಂಬೇಡ್ಕರರನ್ನೂ ಎದುರುಬದುರು ನಿಲ್ಲಿಸಿ ನುಣುಚಿಕೊಳ್ಳುವವರಿಗೆ ಇಷ್ಟು ಹೇಳಬೇಕು: ಹಳ್ಳಿಯ ಬಗ್ಗೆ ಜಗಳವಾಡಿದ ಆ ಇಬ್ಬರಲ್ಲಿ ಒಬ್ಬರೂ ಅದನ್ನು ಅಲಂಕಾರದ ವಸ್ತು ಮಾಡಲಿಲ್ಲ.

ಆದ್ದರಿಂದ ಈ ದಿನವನ್ನು ಸುಧಾರಿಸುವ ಮಾತು ಬೇಡ, ನಿಲ್ಲಿಸಿ. ಅದರ ಹಣವನ್ನೂ ಉತ್ಸಾಹವನ್ನೂ ವರ್ಷವಿಡೀ ಕಟ್ಟುಬೀಳುವ ಒಪ್ಪಂದಕ್ಕೆ ಹಾಕಿ. ಐನೂರು ಮನೆಯ ಅಪಾರ್ಟ್‌ಮೆಂಟ್ ಸಂಘವೊಂದು ರೈತರ ಗುಂಪಿನೊಡನೆ ಕೂತು, ಬಿತ್ತುವ ಮೊದಲೇ ಬೆಲೆ ಮಾತಾಡಿ, ಮುಂಗಡ ಕೊಟ್ಟು, ಮಳೆ ಕೈಕೊಟ್ಟರೆ ನಷ್ಟದಲ್ಲೂ ಪಾಲು ಹೊರುತ್ತೇವೆಂದು ಬರೆದುಕೊಡಲಿ. ಶಾಲೆಗಳು ಸಮವಸ್ತ್ರವನ್ನು ಕೈಮಗ್ಗದಲ್ಲಿ ನೇಯಿಸಲಿ. ಅದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ, ಆಡಳಿತ ಮಂಡಳಿಯ ಒಂದು ಠರಾವು ಸಾಕು. ಕಂಪನಿಗಳು ಕುಶಲಕರ್ಮಿಗೆ ಶಾಲು ಹೊದಿಸುವುದನ್ನು ಬಿಟ್ಟು, ಹಣವನ್ನು ಹೊತ್ತಿಗೆ ಸರಿಯಾಗಿ ಪಾವತಿಸಲಿ. ಕಸುಬು ಬಿಡಬೇಕೆನ್ನುವ ಮಕ್ಕಳಿಗೆ ಬಿಡುವ ದಾರಿಯನ್ನೂ, ಯಾವ ಜಾತಿಯವರಾದರೂ ಸರಿ ಕಲಿಯಬೇಕೆನ್ನುವವರಿಗೆ ಕಲಿಯುವ ದಾರಿಯನ್ನೂ ತೆರೆಯಲಿ. ಆಗ ಮಾತ್ರ ಅದು ಕಲೆಯಾಗುತ್ತದೆ. ನಗರ ತನ್ನ ಹಸಿ ಕಸವನ್ನು ತನ್ನ ಅಂಗಳದಲ್ಲೇ ಗೊಬ್ಬರ ಮಾಡಲಿ. ಸರ್ಕಾರ ಬೆಂಬಲ ಬೆಲೆಗೆ ಕಾನೂನಿನ ಬಲ ಕೊಡಲಿ, ಉಳಿದ ಸಿರಿಧಾನ್ಯಗಳನ್ನೂ ಆ ಬೆಲೆಯ ಪಟ್ಟಿಗೆ ಸೇರಿಸಲಿ, ಉಳುವವರ ನೆಲವನ್ನು ಕಾಯುವ ಕಲಮುಗಳನ್ನು ಮರಳಿ ತರಲಿ. ಹಳ್ಳಿಯನ್ನು ಮೆಚ್ಚುತ್ತೇವೆ ಎನ್ನುವವರು ಈ ಬೇಡಿಕೆಗಳಲ್ಲಿ ಒಂದಕ್ಕಾದರೂ ತಮ್ಮ ಹಣ, ತಮ್ಮ ಮತ, ತಮ್ಮ ಹೆಸರು ಕೊಡಲಿ. ಕೊಡಲಾಗದಿದ್ದರೆ ಮೆಚ್ಚುಗೆಯನ್ನೂ ವಾಪಸು ತೆಗೆದುಕೊಳ್ಳಲಿ. ಹಳ್ಳಿ ಯಾರ ಹೊಗಳಿಕೆಯನ್ನೂ ಕೇಳಿಲ್ಲ. ಅದು ಕೇಳುತ್ತಿರುವುದು ತನ್ನ ಬಾಕಿಯನ್ನು. ಅದನ್ನು ಈ ಸುಗ್ಗಿಗೇ ತೀರಿಸಲು ಶುರುಮಾಡಿ.